ಕಮಾನಿಲ್ಲದೆ ಶುರುವಾಗುವ ಕಾನ್ಸರ್ಟೊ

ಜರ್ಮನ್ ಸಂಗೀತ ರಚನಕಾರ ಯೋರ್ಗ್ ವಿಡ್ಮನ್ ಅವರ ವಿಯೋಲಾ ಕಾನ್ಸರ್ಟೊವನ್ನು ಇಷ್ಟು ದಿನ ಬರೀ ಕೇಳಿದ್ದೆ. ವಿಯೋಲಾ ಅಂದರೆ ಪಿಟೀಲಿನ ಹಾಗೇ ಇರುವ, ಅದಕ್ಕಿಂತ ಸ್ವಲ್ಪ ದೊಡ್ಡ ವಾದ್ಯ. ಕಾನ್ಸರ್ಟೊ ಅಂದರೆ ಒಬ್ಬ ಮುಖ್ಯ ವಾದಕ ಮತ್ತು ಆರ್ಕೆಸ್ಟ್ರಾ, ಅಂದರೆ ದೊಡ್ಡ ವಾದ್ಯವೃಂದ, ಸೇರಿ ನುಡಿಸುವ ಕೃತಿ. ಕಳೆದ ಭಾನುವಾರ ಮಧ್ಯಾಹ್ನ ಅದರ ವಿಡಿಯೊ ನೋಡಿದೆ. ಕಿವಿಗೆ ಗೊತ್ತಿದ್ದ ಸಂಗೀತವೇ, ಆದರೂ ಬೇರೇನೋ ನೋಡುತ್ತಿದ್ದೇನೆ ಅನ್ನಿಸಿತು.

ವಿಯೋಲಾ ನುಡಿಸಿದವರು ಅಂಟ್ವಾನ್ ತಾಮೆಸ್ತಿ. 2015ರಲ್ಲಿ ಪ್ಯಾರಿಸ್‌ನಲ್ಲಿ ಇದನ್ನು ಮೊದಲು ನುಡಿಸಿದವರೂ ಅವರೇ. ಕೃತಿಯನ್ನು ಬರೆದದ್ದೇ ಅವರಿಗಾಗಿ. ಸಾಮಾನ್ಯವಾಗಿ ಇಂಥ ಕಛೇರಿಯಲ್ಲಿ ಮುಖ್ಯ ವಾದಕರು ಆರ್ಕೆಸ್ಟ್ರಾ ನಡೆಸುವ ಕಂಡಕ್ಟರ್ ಪಕ್ಕದಲ್ಲೇ ನಿಲ್ಲುತ್ತಾರೆ ಅಲ್ವಾ? ಇಲ್ಲಿ ಅವರು ಅಲ್ಲಿರಲೇ ಇಲ್ಲ. ಕೈಯಲ್ಲಿ ತಂತಿಗೆ ಉಜ್ಜುವ ಕಮಾನೂ ಇಲ್ಲ. ಬೆರಳ ತುದಿಯಿಂದ ವಾದ್ಯದ ಮರವನ್ನು ತಟ್ಟತೊಡಗಿದರು. ಆಮೇಲೆ ತಂತಿ ಮೀಟಿದರು. ಮೀಟುತ್ತಲೇ ವಾದಕರ ನಡುವೆ ನಡೆದರು. ಒಬ್ಬೊಬ್ಬರ ಹತ್ತಿರ ನಿಂತು ಮಾತಾಡಿಸುವ ಹಾಗೆ ನುಡಿಸಿದರು.

ಕಮಾನು ಬರಲಿ ಎಂದು ನಾನು ಕಾಯುತ್ತಲೇ ಇದ್ದೆ. ನಾನೂ ವಿಯೋಲಾ ಕಲಿಯುತ್ತಿರುವುದರಿಂದ ಆ ಕಾಯುವಿಕೆ ಮೈಗೇ ತಾಗಿತು. ನಮ್ಮ ವಾದ್ಯದ ಕಷ್ಟ ಹಾಗಿದೆ. ಪಿಟೀಲಿಗಿಂತ ಒಂದು ಪಂಚಮದಷ್ಟು, ಅಂದರೆ ಸ-ಪ ಅಂತರದಷ್ಟು, ಕೆಳಗಿನ ಶ್ರುತಿ. ಆ ಶ್ರುತಿಗೆ ತಕ್ಕಷ್ಟು ದೊಡ್ಡದಾಗಿ ಮಾಡಿದರೆ ಗಲ್ಲದ ಕೆಳಗೆ ಹಿಡಿಯೋಕೆ ಆಗುವುದಿಲ್ಲ. ಹಾಗಾಗಿ ಆ ಶ್ರುತಿಗೆ ಬೇಕಾದ್ದಕ್ಕಿಂತ ವಾದ್ಯದ ದೇಹ ಚಿಕ್ಕದು, ದನಿ ಸ್ವಲ್ಪ ಮುಸುಕಿದ ಹಾಗೆ. ನನಗೆ ಆ ದನಿಯೇ ಪ್ರಾಣ. ಆದರೆ ಆರ್ಕೆಸ್ಟ್ರಾ ಜೋರಾದರೆ ಅದು ಮುಳುಗಿಬಿಡುತ್ತದೆ. ವಿಯೋಲಾಕ್ಕೆ ಕಾನ್ಸರ್ಟೊ ಬರೆಯುವ ಯಾರಿಗೇ ಆಗಲಿ ಇದೇ ದೊಡ್ಡ ಪ್ರಶ್ನೆ. 1985ರಲ್ಲಿ ವಿಯೋಲಾ ವಾದಕ ಯೂರಿ ಬಾಷ್ಮೆಟ್‌ಗಾಗಿ ಬರೆದಾಗ ರಚನಕಾರ ಆಲ್ಫ್ರೆಡ್ ಷ್ನಿಟ್ಕೆ ಆರ್ಕೆಸ್ಟ್ರಾದಿಂದ ಪಿಟೀಲುಗಳನ್ನೇ ಬಿಟ್ಟುಬಿಟ್ಟರು. ವಿಡ್ಮನ್ ಮಾತ್ರ ಆ ಕಷ್ಟವನ್ನೇ ಕಥೆ ಮಾಡಿದ್ದಾರೆ. ದನಿಗಾಗಿ ಹುಡುಕುವ ಒಬ್ಬ ಮನುಷ್ಯ, ಅವನ ಸುತ್ತ ದೊಡ್ಡ ಗುಂಪು.

ಕೊನೆಗೂ ಕಮಾನು ತಂತಿಯ ಮೇಲೆ ಬಂದಾಗ ಕುರ್ಚಿಯ ತುದಿಗೆ ಸರಿದಿದ್ದೆ. ಒಂದು ಸ್ವರ ಉದ್ದಕ್ಕೆ ಎಳೆಯುವುದು ಎಂಥ ದೊಡ್ಡ ವಿಷಯ! ದಿನಾ ಅಭ್ಯಾಸ ಮಾಡುವಾಗ ಅದು ನೆನಪೇ ಇರುವುದಿಲ್ಲ.

ಆಮೇಲೆ ಗದ್ದಲ ಏರಿತು. ಏರುತ್ತಾ ಹೋಗಿ ಒಂದು ಕಡೆ ವಾದಕ ಬಾಯಿಬಿಟ್ಟು ಕಿರುಚುತ್ತಾನೆ. ನಿಜವಾಗಿಯೂ ಕಿರುಚುತ್ತಾನೆ. ಇದು ಸುಮ್ನೆ ಗಮನ ಸೆಳೆಯೋಕೆ ಮಾಡಿದ್ದು ಎನ್ನುವವರು ಇರಬಹುದು. ನಾನು ಒಪ್ಪುವುದಿಲ್ಲ. ಅಷ್ಟು ಹೊತ್ತು ಆ ವಾದ್ಯದ ಜೊತೆ ನಡೆದವರಿಗೆ ಆ ಕೂಗು ಎಲ್ಲಿಂದ ಬಂತು ಅಂತ ಗೊತ್ತಿರುತ್ತದೆ. ಬರೀ ಧ್ವನಿಮುದ್ರಣದಲ್ಲಿ ಕೇಳಿದಾಗ ನನಗೆ ಬೆಚ್ಚಿಬಿದ್ದ ಹಾಗಾಗಿತ್ತು, ಅಷ್ಟೇ. ನೋಡಿದಾಗ ಗಂಟಲು ಕಟ್ಟಿತು.

ಕಿರುಚಾಟ ಮುಗಿದ ಮೇಲೆ ಬರುವ ‘ಆರಿಯಾ’ (ಹಾಡು) ಎಂಬ ಭಾಗದಲ್ಲಿ ವಿಯೋಲಾ ಹಾಡುತ್ತದೆ, ಯಾವ ಅವಸರವೂ ಇಲ್ಲದೆ. ಹೊಸ ಸಂಗೀತದಲ್ಲಿ ರಾಗವೇ ಇರುವುದಿಲ್ಲ ಎಂದು ದೂರುವ ಗೆಳೆಯರಿಗೆ ನಾನು ಈಗ ಇದನ್ನೇ ತೋರಿಸುತ್ತಿದ್ದೇನೆ. ಆದರೆ ಬರೀ ಆ ಭಾಗವನ್ನಲ್ಲ, ತಟ್ಟುವುದರಿಂದ ಹಿಡಿದು ಪೂರ್ತಿ ನೋಡಿ ಅಂತಲೇ ಹೇಳುತ್ತೇನೆ.