ಒಂದೇ ನಂಬರ್‌ನಾಗ ತಪ್ತು!

ಶನಿವಾರ ಸಂಜೆ ಪಣಜಿಯ ಮಾಂಡವಿ ದಂಡೆಗೆ ಬಂದು ನೋಡಿ. ಕೆಎ 22, ಕೆಎ 25, ಕೆಎ 63 ಗಾಡಿಗಳದ್ದೇ ಸಾಲು. ಎಲ್ಲ ಕ್ಯಾಸಿನೋ ಹಡಗಿಗೆ ಹೊರಟ ನಮ್ಮ ಮಂದಿ. ಗೋವಾದವರಿಗೆ 2020ರ ಫೆಬ್ರುವರಿಯಿಂದ ಆಟದ ಕೋಣೆಗೆ ಪ್ರವೇಶವಿಲ್ಲ, ನೆರೆಯವರು ಮಾತ್ರ ಹಾಳಾಗಬಹುದು! ಇದ್ಯಾವ ನ್ಯಾಯವೋ.

ಹುಬ್ಬಳ್ಳಿಯಿಂದ ಬಂದಿದ್ದ ಕಾಕಾ ಸೋತು ಮನೆಗೆ ಬಂದರೂ ಮುಖದಲ್ಲಿ ಗೆದ್ದವರ ಕಳೆ. "ಒಂದೇ ನಂಬರ್‌ನಾಗ ತಪ್ತು ನೋಡೋ!" ಈ ಕೂದಲೆಳೆಯ ಸೋಲೇ ಅಪಾಯ. 2009ರಲ್ಲಿ ಕೇಂಬ್ರಿಜ್‌ನ ಸಂಶೋಧಕರು ಮಿದುಳಿನ ಸ್ಕ್ಯಾನ್ ಮಾಡಿ ನೋಡಿದಾಗ, ಗೆದ್ದಾಗ ಚುರುಕಾಗುವ ಭಾಗಗಳೇ ಸ್ವಲ್ಪದರಲ್ಲಿ ತಪ್ಪಿದಾಗಲೂ ಚುರುಕಾಗಿದ್ದವು. ಕೈಯಲ್ಲಿ ಕಾಸಿಲ್ಲ, ಆಡುವ ಆಸೆ ಮಾತ್ರ ಹೆಚ್ಚು.

ವೈದ್ಯರ ಹತ್ತಿರ ಹೋಗೋಣ ಅಂದೆ. "ನನಗೇನು ಹುಚ್ಚು ಹಿಡದೈತೇನು?" ಅಂದರು. ಆಗ ಕೈಕಾಲು ನಡುಗುವ ಪಾರ್ಕಿನ್ಸನ್ ಕಾಯಿಲೆಯ ವಿಷಯ ಹೇಳಿದೆ. ಆ ಕಾಯಿಲೆಗೆ ಕೊಡುವ, ಮಿದುಳಿನಲ್ಲಿ ಆಸೆ ಹುಟ್ಟಿಸುವ ರಾಸಾಯನಿಕ ಡೋಪಮೈನ್‌ನಂತೆ ಕೆಲಸ ಮಾಡುವ ಪ್ರಮಿಪೆಕ್ಸೋಲ್ ಮಾತ್ರೆ ತಗೊಂಡ ಕೆಲವರಿಗೆ, ಜನ್ಮದಲ್ಲಿ ಇಸ್ಪೀಟು ಮುಟ್ಟದವರಿಗೂ, ಜೂಜಿನ ಚಟ ಹತ್ತಿದ್ದುಂಟು. ಡೋಸ್ ಇಳಿಸಿದರೆ ಎಷ್ಟೋ ಜನರಿಗೆ ಚಟವೂ ಇಳಿಯುತ್ತದೆ. ಅಂದಮೇಲೆ ಬರೀ ಬುದ್ಧಿಗೇಡಿತನ ಅನ್ನುವುದು ಹೇಗೆ? ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲೇ ಜೂಜಿನ ಚಟವನ್ನು ಮದ್ಯ, ಮಾದಕದ ಚಟಗಳ ಸಾಲಿಗೆ ಸೇರಿಸಿದೆ.

ಚಿಕಿತ್ಸೆ ಅಂದರೆ ಮುಖ್ಯವಾಗಿ ಕಾಗ್ನಿಟಿವ್ ಬಿಹೇವಿಯರ್ ಥೆರಪಿ, ಅಂದರೆ ಯೋಚನೆ, ನಡವಳಿಕೆ ತಿದ್ದುವ ಮಾತಿನ ಚಿಕಿತ್ಸೆ. "ಮುಂದಿನ ಸಲ ಬರ್ತದ" ಅನ್ನುವ ಲೆಕ್ಕವನ್ನೇ ಕೂತು ಬಿಡಿಸುತ್ತಾರೆ. ಕೆಲವರಿಗೆ ಆಡುವ ತುಡಿತ ತಗ್ಗಿಸಲು ನಾಲ್ಟ್ರೆಕ್ಸೋನ್ ಮಾತ್ರೆಯನ್ನೂ ಕೊಡುತ್ತಾರೆ. ಜೊತೆಗೆ ದುಡ್ಡಿನ ವ್ಯವಹಾರ ಮನೆಯವರ ಕೈಗೆ.

ಎಟಿಎಂ ಕಾರ್ಡ್ ಈಗ ಕಾಕು ಹತ್ತಿರ ಇದೆ. ಕಾಕಾನ ಫೋನಿನಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸೇವ್ ಮಾಡಿಕೊಟ್ಟಿದ್ದೇನೆ. ಕನ್ನಡದಲ್ಲೂ ಮಾತಾಡುತ್ತಾರೆ, ಉಚಿತ. ಕಾಕಾ ಇನ್ನೂ ಹೂಂ ಅಂದಿಲ್ಲ.