ಟವರ್ ಸಿಗುವ ತಿರುವಿನಲ್ಲಿ

ಕೊಡಗಿನ ಸಿದ್ದಾಪುರದ ಕಡೆ ಒಂದು ತೋಟದ ಲೈನ್ ಮನೆಗೆ, ಅಂದರೆ ಕೆಲಸಗಾರರ ಸಾಲುಮನೆಗೆ, ವಾರಕ್ಕೆರಡು ಸಲ ಹೋಗುತ್ತಿದ್ದೆ. ಅಲ್ಲಿನ ಒಬ್ಬರು ಏಪ್ರಿಲ್ ಕೊನೆಯಲ್ಲಿ ಕರಿಮೆಣಸು ಕುಯ್ಯುವಾಗ ಏಣಿಯಿಂದ ಬಿದ್ದಿದ್ದರು. ಸಿಲ್ವರ್ ಓಕ್ ಮರಕ್ಕೆ ಒರಗಿಸಿದ ಬಿದಿರಿನ ಏಣಿ. ಕೆಳಗೆ ನಿಂತು ನೋಡಿದರೇ ನನಗೆ ಕಾಲು ನಡುಗುತ್ತದೆ. ಬಲಭುಜದ ಕೀಲು ತಪ್ಪಿತ್ತು. ನಾಟಿ ವೈದ್ಯರು ಕೂರಿಸಿದ್ದರು. ಎಕ್ಸ್‌ರೇಯಲ್ಲಿ ಮೂಳೆ ಸರಿಯಿತ್ತು, ಕೈ ಮಾತ್ರ ಮೇಲೇಳುತ್ತಿರಲಿಲ್ಲ.

ನಾನು ಫಿಸಿಯೋಥೆರಪಿಸ್ಟ್. ಮೊದಲ ದಿನ ಅವರು ನೋವಿಗೆ ಮುಟ್ಟೋಕೇ ಬಿಡಲಿಲ್ಲ. ‘ಭುಜದ ಬಿಗಿತ’ ಎಂದು ಬರೆದುಕೊಂಡೆ. ಆಮೇಲೆ ಮೂರು ವಾರ ಆ ಕಾಗದ ನೋಡಿ ಚಿಕಿತ್ಸೆ ಕೊಟ್ಟೆ, ಭುಜ ನೋಡಿ ಅಲ್ಲ.

ಜೂನ್ ಮೊದಲ ವಾರ ಮಳೆ ಹಿಡಿಯಿತು. ಕರೆಂಟು ಹೋಗಿ ಎರಡು ದಿನ, ನೋವು ಇಳಿಸುವ ನನ್ನ ಮೆಷಿನ್ ಚೀಲದಲ್ಲೇ ಉಳಿಯಿತು. ಅವರ ಕೈ ಇದ್ದಲ್ಲೇ ಇತ್ತು. ದೊಡ್ಡ ಆಸ್ಪತ್ರೆಯಾದರೆ ಪಕ್ಕದ ಟೇಬಲ್‌ನವರನ್ನು ‘ಸ್ವಲ್ಪ ನೋಡ್ತೀರಾ’ ಅನ್ನಬಹುದು. ಇಲ್ಲಿ ನಾನೊಬ್ಬಳೇ. 2021ರಲ್ಲಿ ಫಿಸಿಯೋ, ಲ್ಯಾಬ್ ಟೆಕ್ನಿಷಿಯನ್ ಮುಂತಾದವರಿಗೆಲ್ಲ ಸೇರಿಸಿ ಶಿಕ್ಷಣ, ನೋಂದಣಿಗೆ ಕೇಂದ್ರದ ಕಾನೂನು ಬಂತು, ಒಳ್ಳೆಯದೇ. ಆದರೆ ಮಳೆಯಲ್ಲಿ ಲೈನ್ ಮನೆಯ ಜಗಲಿಯಲ್ಲಿ ನಿಂತಾಗ ಬೇಕಾಗುವುದು ಕೇಳೋಕೆ ಒಬ್ಬರು, ಅಲ್ವಾ?

ಮಂಗಳೂರಿನಲ್ಲಿ ನನಗೆ ಕಲಿಸಿದ ಮೇಡಂ ‘ಏನಿದ್ರೂ ಫೋನ್ ಮಾಡು’ ಎಂದಿದ್ದರು. ಒಂದು ವರ್ಷ ಮಾಡಿರಲಿಲ್ಲ. ಇಷ್ಟೂ ಗೊತ್ತಿಲ್ವಾ ಅಂದುಬಿಟ್ಟರೆ?

ಅವತ್ತು ಕೊಡೆ ಹಿಡಿದು ಟವರ್ ಸಿಗುವ ತಿರುವಿಗೆ ಹತ್ತಿದೆ. ಕಾಲಿಗೆ ಜಿಗಣೆ. ಎಲ್ಲ ಹೇಳಿದೆ.

‘ಅವರು ಎತ್ತೋದು ಬಿಡು. ನೀನು ಎತ್ತಿದರೆ ಕೈ ಪೂರ್ತಿ ಬರುತ್ತಾ?’

‘ಬರುತ್ತೆ ಮೇಡಂ.’

‘ಮತ್ತೆ ಬಿಗಿತ ಎಲ್ಲಿ ಬಂತು?’

ಆ ಕಡೆಯಿಂದ ಬೈಗುಳ ಬರಲಿಲ್ಲ. ಕೀಲು ತಪ್ಪುವಾಗ ಅದರ ಕೆಳಗೇ ಹಾದು ಕೈ ಎತ್ತುವ ಸ್ನಾಯುವಿಗೂ ತೋಳಿನ ಹೊರಚರ್ಮಕ್ಕೂ ಹೋಗುವ ಆಕ್ಸಿಲರಿ ನರ ಎಳೆತಕ್ಕೆ ಸಿಗಬಹುದು, ತೋಳಿನ ಹೊರಮೈಗೆ ಹತ್ತಿ ಸವರಿ ನೋಡು ಎಂದರು. ಓದಿದ್ದೇ. ಪರೀಕ್ಷೆಯಲ್ಲಿ ಬರೆದೂ ಇದ್ದೆ.

ವಾಪಸ್ ಇಳಿದು ಅಂಗಿ ಬಿಚ್ಚಿಸಿದೆ. ಬಲಭುಜದ ಉಬ್ಬು ಇಳಿದು ತಗ್ಗಾಗಿತ್ತು, ಎಡಕ್ಕೆ ಹೋಲಿಸಿದರೆ ಕಣ್ಣಿಗೇ ಹೊಡೆಯುವಷ್ಟು. ಕಣ್ಣು ಮುಚ್ಚಿಸಿ ಹತ್ತಿ ಸವರಿದೆ.

‘ಗೊತ್ತಾಗುತ್ತಾ?’

‘ಶುರು ಮಾಡಿದ್ರಾ ಮೇಡಂ?’

ಮೈಸೂರಿಗೆ ನರದ ಪರೀಕ್ಷೆಗೆ ಚೀಟಿ ಬರೆಸಿಕೊಟ್ಟೆ. ಇಂಥ ನರ ಹೆಚ್ಚಿನವರಲ್ಲಿ ಕೆಲವು ತಿಂಗಳಲ್ಲಿ ತಾನಾಗಿ ಚೇತರಿಸಿಕೊಳ್ಳುತ್ತದೆ, ಅಲ್ಲಿತನಕ ಕೀಲು ಬಿಗಿಯದಂತೆ ನೋಡಿಕೊಳ್ಳಬೇಕು ಎಂದೆ. ನನ್ನ ತಪ್ಪನ್ನೂ ಹೇಳಿದೆ.

‘ಹಾಗಾದ್ರೆ ಮೂರು ವಾರ ಕೈ ಎಳೆದದ್ದು ಸುಮ್ನೆನಾ?’

‘ಪೂರ್ತಿ ಸುಮ್ನೆ ಅಲ್ಲ. ಕೀಲು ಬಿಗಿದಿಲ್ಲ ನೋಡಿ.’

ಅದು ನಿಜ. ಆದರೆ ನಾನು ಹಾಗೆಂದು ಎಳೆದದ್ದಲ್ಲ. ಅವರಿಗೂ ಗೊತ್ತಾಯಿತು ಅನಿಸುತ್ತದೆ, ನಕ್ಕರು. ಅವರ ಹೆಂಡತಿ ಕರಿಕಾಫಿ ತಂದರು, ಜಿಗಣೆಗೆ ಉಪ್ಪನ್ನೂ.