ಯೀಮಿಕ್ ಜೊತೆ ಒಂದು ಚೌಕಾಸಿ

"ಮಾಮ, ನಾನು ಸತ್ತೋದ್ನಾ?"

ಅಕ್ಕನ ಮಗಳು ಹೀಗೆ ಕೇಳಿದಾಗ ಆಟ ಶುರುವಾಗಿ ಅರ್ಧ ಗಂಟೆಯೂ ಆಗಿರಲಿಲ್ಲ.

ದಸರಾ ರಜೆಗೆ ಮೈಸೂರಿನ ಅಕ್ಕನ ಮನೆಗೆ ಹೋಗಿದ್ದೆ. ಅವಳ ಇಬ್ಬರು ಮಕ್ಕಳು, ಕೆಳಗಿನ ಮನೆಯ ಹುಡುಗ, ಜೊತೆಗೆ ಅಕ್ಕ. ಯಾರೂ ಅದುವರೆಗೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಿರಲಿಲ್ಲ. ಒಬ್ಬರು ಕಥೆ ಹೇಳುತ್ತಾ ಶತ್ರುಗಳ ಪಾತ್ರವನ್ನೂ ವಹಿಸುತ್ತಾರೆ, ಉಳಿದವರು ತಂತಮ್ಮ ಪಾತ್ರ ಏನು ಮಾಡುತ್ತದೆ ಅಂತ ಹೇಳುತ್ತಾರೆ, ಅದು ಕೈಗೂಡಿತಾ ಅಂತ ದಾಳ ಉರುಳಿಸಿ ನೋಡುವ ಆಟ ಅದು. ಕಥೆ ಹೇಳುವವನು ನಾನು. ಯಾವ ಕಥೆಯಿಂದ ಶುರು ಮಾಡಿಸಲಿ ಅಂತ ಒಂದು ವಾರ ತಲೆ ಕೆಡಿಸಿಕೊಂಡು, 2014ರ ಸ್ಟಾರ್ಟರ್ ಸೆಟ್‌ನ 'ಲಾಸ್ಟ್ ಮೈನ್ ಆಫ್ ಫ್ಯಾಂಡೆಲ್ವರ್' ಆರಿಸಿದ್ದೆ. ಐದು ಪಾತ್ರಗಳು ಆ ಸೆಟ್ಟಿನ ಡಬ್ಬಿಯಲ್ಲೇ ಸಿದ್ಧವಾಗಿ ಸಿಗುತ್ತವೆ. ಕೆಲಸವೂ ಸರಳ. ಒಂದು ಗಾಡಿ ಸಾಮಾನನ್ನು ಫ್ಯಾಂಡಲಿನ್ ಎಂಬ ಪುಟ್ಟ ಊರಿಗೆ ಮುಟ್ಟಿಸಬೇಕು. ಹೊಸಬರಿಗೆ "ಏನು ಬೇಕಾದರೂ ಮಾಡಿ" ಅಂದರೆ ಸುಮ್ನೆ ಮುಖ ಮುಖ ನೋಡಿಕೊಳ್ಳುತ್ತಾರೆ. "ಈ ಗಾಡಿ ಅಲ್ಲಿಗೆ ಹೋಗಬೇಕು" ಅಂದರೆ ಹೊರಟೇಬಿಡುತ್ತಾರೆ.

ದಾರಿಯಲ್ಲಿ ಎರಡು ಕುದುರೆಗಳು ಸತ್ತು ಬಿದ್ದಿರುತ್ತವೆ, ಮೈ ತುಂಬ ಕಪ್ಪು ಗರಿಯ ಬಾಣ. ಪೊದೆಯಲ್ಲಿ ಕುಳ್ಳ ರಾಕ್ಷಸರಂಥ ನಾಲ್ಕು ಗಾಬ್ಲಿನ್‌ಗಳು. ಯಾರೂ ಅವನ್ನು ಗಮನಿಸಲಿಲ್ಲ. 2014ರ ನಿಯಮದ ಪ್ರಕಾರ ಗಮನಿಸದವರಿಗೆ ಮೊದಲ ಸುತ್ತಿನಲ್ಲಿ ಏನೂ ಮಾಡಲು ಬರುವುದಿಲ್ಲ. ಅಕ್ಕನ ಮಗಳದ್ದು ಮಂತ್ರವಾದಿ ಪಾತ್ರ. ಮೊದಲ ಹಂತದ ಮಂತ್ರವಾದಿಗೆ ಇರುವುದೇ 6 ಹಿಟ್ ಪಾಯಿಂಟ್ (ಎಷ್ಟು ಪೆಟ್ಟು ತಡೆಯಬಹುದು ಅನ್ನುವ ಲೆಕ್ಕ), ಮೈ ಗಟ್ಟಿಯಿದ್ದರೆ ಒಂದೆರಡು ಜಾಸ್ತಿ. ಗಾಬ್ಲಿನ್ ಬಾಣ ತಗುಲಿದರೆ 3ರಿಂದ 8 ಹೋಗುತ್ತದೆ. ಎರಡು ಬಾಣ ತಗುಲಿದವು. ದಾಳಿ ಮಾಡಲು 20 ಮುಖದ ದಾಳವನ್ನು ಒಂದು ಸಲವೂ ಉರುಳಿಸದೆ ಅವಳು ನೆಲಕ್ಕೆ ಬಿದ್ದಿದ್ದಳು. ಸ್ವಲ್ಪ ಹೊತ್ತಿಗೆ ಉಳಿದ ಮೂವರೂ ಬಿದ್ದರು.

ಅವಳ ಮುಖ ನೋಡಿ ನನಗೆ ತುಂಬಾ ಬೇಜಾರಾಯಿತು. ಊಟಕ್ಕೆ ಎದ್ದೆವು. ಎಲ್ಲರೂ ಊಟ ಮಾಡುವಾಗ ನಾನು ಕಥೆಯ ಪುಸ್ತಕ ಹಿಡಿದು ಕೂತೆ. ಆ ಜಾಗವನ್ನು ಮೊದಲೇ ಸರಿಯಾಗಿ ಓದಬೇಕಿತ್ತು. ಗಾಬ್ಲಿನ್‌ಗಳು ಗೆದ್ದರೆ ಇವರನ್ನು ಕೊಲ್ಲುವುದಿಲ್ಲ, ಇದ್ದದ್ದನ್ನು ದೋಚಿ, ಎಚ್ಚರ ತಪ್ಪಿದವರನ್ನು ಅಲ್ಲೇ ಬಿಟ್ಟು ಗುಹೆಗೆ ಮರಳುತ್ತವೆ ಅಂತ ಅಲ್ಲೇ ಬರೆದಿತ್ತು.

"ಸತ್ತಿಲ್ಲ ಪುಟ್ಟಿ. ಎಚ್ಚರವಾಗಿದೆ, ತಲೆ ಸಿಡೀತಿದೆ. ಗಾಡಿ ಖಾಲಿ. ಕಾಡೊಳಗೆ ಹೆಜ್ಜೆ ಗುರುತು ಕಾಣ್ತಿದೆ."

ಅವಳು ತಟ್ಟೆ ಬದಿಗೆ ಸರಿಸಿ, "ನಡೀರಿ, ಹೋಗೋಣ," ಅಂದಳು.

ಗುಹೆಯೊಳಗೆ ಯೀಮಿಕ್ ಅಂತ ಒಬ್ಬ ಗಾಬ್ಲಿನ್ ಇದ್ದಾನೆ. ಸಿಲ್ಡಾರ್ ಎಂಬ ಸೈನಿಕನನ್ನು ಎತ್ತರದ ಅಂಚಿಗೆ ಎಳೆದು ತಂದು, ಹತ್ತಿರ ಬಂದರೆ ತಳ್ಳಿಬಿಡ್ತೀನಿ ಅನ್ನುತ್ತಾನೆ. ಅವನಿಗೆ ಬೇಕಾದದ್ದು ಕ್ಲಾರ್ಗ್ ಎಂಬ ತನ್ನ ಯಜಮಾನನ ತಲೆ. ಹುಡುಗರಿಬ್ಬರೂ ಕತ್ತಿ ಎತ್ತಿದರು. ಅಕ್ಕನ ಮಗಳು ತಡೆದಳು.

"ಕ್ಲಾರ್ಗ್ ನಿಂಗೆ ಸರಿಯಾಗಿ ಊಟ ಹಾಕ್ತಾನಾ?"

ಆ ಪ್ರಶ್ನೆಗೆ ಪುಸ್ತಕದಲ್ಲಿ ಉತ್ತರ ಇಲ್ಲ. ಯೀಮಿಕ್ ಆಗಿ ನಾನೇ ಹೇಳಬೇಕಾಯಿತು: "ಇಲ್ಲ. ಉಳಿದದ್ದೆಲ್ಲಾ ಅವನ ತೋಳಕ್ಕೆ." ಅಲ್ಲಿಂದ ಮುಕ್ಕಾಲು ಗಂಟೆ ಚೌಕಾಸಿ. ಅಕ್ಕ ಮಾರ್ಕೆಟ್ಟಿನಲ್ಲಿ ಸೊಪ್ಪು ಕೊಳ್ಳುವ ದನಿಯಲ್ಲೇ ಮಾತಿಗಿಳಿದಳು. ಕೊನೆಗೆ ದಾಳ ಉರುಳಿತು, 17 ಬಿತ್ತು. ಸಿಲ್ಡಾರ್ ಬಿಡುಗಡೆಯಾದ.

ಹೊಸಬರಿಗೆ ಕಥೆ ಆರಿಸುವಾಗ ನಾನೀಗ ಮೊದಲು ಹುಡುಕುವುದು ಇದನ್ನೇ: ಮೊದಲ ಗಂಟೆಯಲ್ಲಿ ಮಾತಾಡಿಸಬಹುದಾದ ಒಬ್ಬ ಶತ್ರು ಇದ್ದಾನಾ? ಜಗಳ ಬಂದರೆ ಓಡಿ ತಪ್ಪಿಸಿಕೊಳ್ಳಲು ದಾರಿ ಇದೆಯಾ? ಮುಂದಿನ ತಿಂಗಳು ಆಫೀಸಿನ ಗೆಳೆಯರಿಗೆ 2022ರ 'ಡ್ರ್ಯಾಗನ್ಸ್ ಆಫ್ ಸ್ಟಾರ್ಮ್‌ರೆಕ್ ಐಲ್' ಆಡಿಸಬೇಕು ಅಂತಿದ್ದೇನೆ. ಅದರಲ್ಲಿ ಮೊದಲು ಎದುರಾಗುವುದು ಜೊಂಬಿಗಳು. ಅವುಗಳ ಹತ್ತಿರ ಬಿಲ್ಲು ಇಲ್ಲ, ಒಂದು ಸರದಿಗೆ 20 ಅಡಿ ನಡೆಯುತ್ತವೆ, ಮನುಷ್ಯರು 30. ಹೆದರಿದವರು ಓಡಬಹುದು. ಆಮೇಲೆ ಸಿಗುವ ಆಶ್ರಮದಲ್ಲಿ ಹರಟೆ ಹೊಡೆಯುವ, ಹಲ್ಲಿಯಂಥ ಪುಟ್ಟ ಜೀವಿಗಳಾದ ಕೋಬೋಲ್ಡ್‌ಗಳಿವೆ.

ಇದನ್ನು ಫೋನಿನಲ್ಲಿ ಅಕ್ಕನ ಮಗಳಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಅದ್ರಲ್ಲಿ ಯೀಮಿಕ್ ಇರಲ್ವಾ ಮಾಮ?"